ಅಮೆರಿಕದ ಇಂಡಿಯನ್ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನದ ಬಫೆ: ತಟ್ಟೆ ಹಿಡಿಯುವ ಮುನ್ನ, ಹಿಡಿದ ಮೇಲೆ

ಅಮೆರಿಕಕ್ಕೆ ಓದಲು ಬಂದ ವಿದ್ಯಾರ್ಥಿಗೂ, ಕೆಲಸಕ್ಕೆ ಬಂದ ಎಂಜಿನಿಯರಿಗೂ, ಮಗಳ ಬಾಣಂತನಕ್ಕೆಂದು ಬಂದಿಳಿದ ತಾಯಿಗೂ ಒಂದಲ್ಲ ಒಂದು ದಿನ ಎದುರಾಗುವುದು ಅಲ್ಲಿನ ಇಂಡಿಯನ್ ರೆಸ್ಟೋರೆಂಟುಗಳ ಮಧ್ಯಾಹ್ನದ ಬಫೆ. ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆ, ಷಿಕಾಗೋದ ಡೆವನ್ ಅವೆನ್ಯೂ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗಳಂಥ ಭಾರತೀಯರು ತುಂಬಿರುವ ಕಡೆ ಮಾತ್ರವಲ್ಲ, ನಮ್ಮವರು ಬೆರಳೆಣಿಕೆಯಷ್ಟೇ ಇರುವ ವಿಶ್ವವಿದ್ಯಾಲಯದ ಸಣ್ಣ ಊರುಗಳಲ್ಲಿಯೂ ಇಂಥದೊಂದು ಊಟದ ಏರ್ಪಾಡು ಸಿಗುವುದುಂಟು. ನಿಗದಿಯಾದ ಹಣ ಕೊಟ್ಟು ಬೇಕಾದದ್ದನ್ನು ಬೇಕಾದಷ್ಟು ಬಡಿಸಿಕೊಂಡು ಉಣ್ಣುವುದಕ್ಕೆ ಮಾರ್ಗದರ್ಶನವೇಕೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಅದೇ ಹಣಕ್ಕೆ ಒಬ್ಬರು ಬಿಸಿಯಾದ, ಹದವಾದ ಊಟ ಮುಗಿಸಿ ಎದ್ದರೆ, ಪಕ್ಕದ ಮೇಜಿನವರು ಆರಿದ ನಾನ್ ಜಗಿದು, ಒಣಗಿದ ಕೋಳಿ ತಿಂದು, ಹೊಟ್ಟೆ ಭಾರವಾಗಿ ಗೊಣಗುತ್ತ ಹೊರಡುವುದು ಅಲ್ಲಿ ನಿತ್ಯದ ನೋಟ.

ಈ ವ್ಯತ್ಯಾಸವನ್ನು ಅದೃಷ್ಟಕ್ಕೆ ಬಿಡಬೇಕಾಗಿಲ್ಲ. ಬಫೆಯ ಅಡುಗೆ ನೀವು ಬಂದಾಗ ಒಲೆಯಿಂದ ಇಳಿಸಿದ್ದಲ್ಲ. ಮೊದಲೇ ಮಾಡಿ, ಬಿಸಿನೀರಿನ ಮೇಲಿಟ್ಟ ತಟ್ಟೆಗಳಲ್ಲಿ ನಿಮಗಾಗಿ ಕಾಯಿಸಿಟ್ಟದ್ದು. ಕೆಲವು ಪದಾರ್ಥಗಳು ಹೀಗೆ ಕಾದಷ್ಟೂ ರುಚಿಗೂಡುತ್ತವೆ, ಇನ್ನು ಕೆಲವು ಹತ್ತು ನಿಮಿಷಕ್ಕೇ ಸೋಲುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದು, ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬ ಎರಡು ಸಂಗತಿಗಳನ್ನು ಗಮನಿಸಿದವರಿಗೆ ಸಾಧಾರಣ ಹೋಟೆಲಿನಲ್ಲಿಯೂ ಒಳ್ಳೆಯ ಊಟವಾಗುತ್ತದೆ. ಮುಂದೆ ಹೇಳುವುದೆಲ್ಲ ಬಹುಮಟ್ಟಿಗೆ ಈ ಎರಡು ಸಂಗತಿಗಳ ವಿಸ್ತರಣೆ.

ಹೊರಡುವ ಮುನ್ನ

ಮೊದಲ ಹೆಜ್ಜೆ ಫೋನ್ ಮಾಡುವುದು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ನಿಂತ ಬಫೆಗಳಲ್ಲಿ ಅನೇಕವು ಮತ್ತೆ ಆರಂಭವಾಗಲೇ ಇಲ್ಲ. ಕೆಲವು ಹೋಟೆಲುಗಳು ಅದರ ಬದಲು ಥಾಲಿಗೋ ಡಬ್ಬಿ ಊಟಕ್ಕೋ ಹೊರಳಿಕೊಂಡವು, ಕೆಲವು ಶನಿವಾರ ಮತ್ತು ಭಾನುವಾರಕ್ಕೆ ಮಾತ್ರ ಸೀಮಿತಗೊಳಿಸಿಕೊಂಡವು. ಅಂತರ್ಜಾಲದಲ್ಲಿರುವ ಹಳೆಯ ಫೋಟೋಗಳನ್ನು ನಂಬಿ ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಹೋದರೆ ಮೆನು ಕಾರ್ಡ್ ಹಿಡಿದು ಕುಳಿತುಕೊಳ್ಳಬೇಕಾದೀತು. ಈ ದಿನ ಬಫೆ ಇದೆಯೇ, ಎಷ್ಟು ಹೊತ್ತಿನವರೆಗೆ, ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ದರ ಊರಿನಿಂದ ಊರಿಗೆ ಬದಲಾದರೂ ಸಾಮಾನ್ಯವಾಗಿ 15ರಿಂದ 25 ಡಾಲರುಗಳ ಆಸುಪಾಸಿನಲ್ಲಿರುತ್ತದೆ, ವಾರಾಂತ್ಯದಲ್ಲಿ ಎರಡು ಮೂರು ಡಾಲರ್ ಹೆಚ್ಚು. ಆ ಹೆಚ್ಚಿನ ಹಣಕ್ಕೆ ತಕ್ಕಂತೆ ಆ ದಿನಗಳಲ್ಲಿ ಆಡಿನ ಮಾಂಸದ ಸಾರು, ಚಾಟ್, ಎದುರಿಗೇ ಹುಯ್ದುಕೊಡುವ ದೋಸೆ ಮುಂತಾದವು ಸೇರಿಕೊಳ್ಳುವುದುಂಟು.

ಎರಡನೆಯದಾಗಿ, ಎಂಥ ಹೋಟೆಲ್ ಎಂಬುದನ್ನು ತಿಳಿದುಕೊಳ್ಳಿ. ಅಮೆರಿಕದಲ್ಲಿ 'ಇಂಡಿಯನ್ ಬಫೆ' ಎಂದರೆ ಬಹುಪಾಲು ಪಂಜಾಬಿ ಅಡುಗೆ ಎಂದೇ ಅರ್ಥ: ತಂದೂರಿ ಚಿಕನ್, ಚಿಕನ್ ಟಿಕ್ಕಾ ಮಸಾಲಾ, ಸಾಗ್ ಪನೀರ್, ಚನಾ ಮಸಾಲಾ, ದಾಲ್ ಮಖನಿ, ಆಲೂ ಗೋಬಿ, ಪಕೋಡ, ನಾನ್, ಬಾಸ್ಮತಿ ಅನ್ನ, ಖೀರು, ಗುಲಾಬ್ ಜಾಮೂನು. ಸಾರು, ಹುಳಿ, ಪಲ್ಯ ಬೇಕೆಂಬ ಬಾಯಿಯೊಂದಿಗೆ ಅಲ್ಲಿಗೆ ಹೋದವರಿಗೆ ನಿರಾಸೆ ಖಚಿತ. ಮೂಲೆಯಲ್ಲಿ 'ಸಾಂಬಾರ್' ಎಂದು ಬರೆದಿಟ್ಟದ್ದು ಕಂಡರೂ ಪಂಜಾಬಿ ಅಡುಗೆಮನೆಯ ಸಾಂಬಾರಿನ ಮೇಲೆ ಹೆಚ್ಚಿನ ಭರವಸೆ ಇಡುವುದು ಬೇಡ. ಆ ಅಡುಗೆಯನ್ನು ಅದರದೇ ಲೆಕ್ಕದಲ್ಲಿ ಉಂಡರೆ ಮಾತ್ರ ಸುಖ. ಇಡ್ಲಿ, ವಡೆ, ಪೊಂಗಲ್, ರಸಂ ಬೇಕಾದವರು ವಾರಾಂತ್ಯದಲ್ಲಿ ಬಫೆ ನಡೆಸುವ ದಕ್ಷಿಣ ಭಾರತೀಯ ಹೋಟೆಲುಗಳನ್ನೇ ಹುಡುಕಬೇಕು. ಅಲ್ಲಿಯೂ ಆಂಧ್ರ ಮತ್ತು ತಮಿಳು ರುಚಿಗಳೇ ಮುಂದಿರುತ್ತವೆ.

ಶುಚಿತ್ವದ ವಿಷಯದಲ್ಲಿ ಊಹೆ ಮಾಡಬೇಕಾಗಿಲ್ಲ. ನ್ಯೂಯಾರ್ಕ್ ನಗರದಲ್ಲಿ 2010ರಿಂದ ಪ್ರತಿ ಹೋಟೆಲಿನ ಗಾಜಿನ ಮೇಲೆ ಆರೋಗ್ಯ ಇಲಾಖೆ ಕೊಟ್ಟ ಎ, ಬಿ, ಸಿ ದರ್ಜೆಯನ್ನು ಅಂಟಿಸಿರುತ್ತಾರೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಈ ಪದ್ಧತಿ 1998ರಿಂದಲೇ ಇದೆ. ಸನ್ನಿವೇಲ್ ಇರುವ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ಫಲಕಗಳಿರುತ್ತವೆ. ಒಳಗೆ ಹೋಗುವಾಗ ಬಾಗಿಲ ಪಕ್ಕ ಒಮ್ಮೆ ಕಣ್ಣು ಹಾಯಿಸಿ. ಬಫೆಯಲ್ಲಿ ಅಡುಗೆ ಗಂಟೆಗಟ್ಟಲೆ ಹೊರಗಿರುವುದರಿಂದ, ಮೆನು ನೋಡಿ ತರಿಸಿಕೊಂಡು ಉಣ್ಣುವ ಊಟಕ್ಕಿಂತ ಇಲ್ಲಿ ಆ ಫಲಕಕ್ಕೆ ಹೆಚ್ಚಿನ ಬೆಲೆಯಿದೆ.

ಬೆಳಗಿನಿಂದ ಉಪವಾಸವಿದ್ದು ಹೋಗುವವರಿದ್ದಾರೆ. ಕೊಟ್ಟ ಹಣವನ್ನು ಹೊಟ್ಟೆಯಲ್ಲಿ ವಸೂಲು ಮಾಡುವ ಈ ಉಪಾಯ ಫಲಿಸುವುದಿಲ್ಲ, ಏಕೆಂದರೆ ಹಸಿದು ಹೋದವರು ಮೊದಲು ಕಂಡ ಅನ್ನವನ್ನೂ ಪಕೋಡವನ್ನೂ ತುಂಬಿಕೊಂಡು ಎರಡನೆಯ ಸುತ್ತಿಗೇ ಕೈಚೆಲ್ಲುತ್ತಾರೆ. ಬೆಳಿಗ್ಗೆ ಒಂದು ಬಾಳೆಹಣ್ಣನ್ನೋ ಎರಡು ಇಡ್ಲಿಯನ್ನೋ ತಿಂದು ಹೋಗುವುದು ಮೇಲು.

ಯಾವ ಹೊತ್ತಿಗೆ ಹೋಗಬೇಕು

ಹೆಚ್ಚಿನ ಕಡೆ ಬಫೆ ಹನ್ನೊಂದೂವರೆಗೆ ತೆರೆದು ಎರಡೂವರೆ ಅಥವಾ ಮೂರಕ್ಕೆ ಮುಚ್ಚುತ್ತದೆ. ಕಚೇರಿಗಳ, ಆಸ್ಪತ್ರೆಗಳ ಅಥವಾ ಕಾಲೇಜಿನ ಸಮೀಪದ ಹೋಟೆಲಾದರೆ ವಾರದ ದಿನಗಳಲ್ಲಿ ಹನ್ನೆರಡರಿಂದ ಹನ್ನೆರಡೂಮುಕ್ಕಾಲರೊಳಗೆ ಹೋಗುವುದು ಅತ್ಯುತ್ತಮ; ಕುಟುಂಬಗಳು ಬರುವ ವಾರಾಂತ್ಯದಲ್ಲಿ ಆ ಹೊತ್ತು ಒಂದು ಗಂಟೆಯ ಸುಮಾರಿಗೆ ಜಾರುತ್ತದೆ. ಜನ ಹೆಚ್ಚಿದ್ದರೆ ಸಾಲು ಉದ್ದವಾಗುತ್ತದೆ, ನಿಜ. ಆದರೆ ಅದೇ ಜನ ಪದಾರ್ಥಗಳನ್ನು ಬೇಗ ಖಾಲಿ ಮಾಡುತ್ತಾರೆ, ಅಡುಗೆಮನೆಯವರು ಬೇಗ ಬೇಗ ಹೊಸದನ್ನು ತಂದಿಡುತ್ತಾರೆ. ಖಾಲಿ ಹೊಡೆಯುವ ಹೋಟೆಲಿನಲ್ಲಿ ನಿರಾಳವಾಗಿ ಬಡಿಸಿಕೊಳ್ಳಬಹುದಾದರೂ ಅಲ್ಲಿ ಹನ್ನೊಂದೂವರೆಗೆ ಇಟ್ಟ ಕೋಳಿಯೇ ಎರಡು ಗಂಟೆಗೂ ಸಿಗುತ್ತದೆ. ಮುಚ್ಚುವುದಕ್ಕೆ ಮುಂಚಿನ ಕೊನೆಯ ಅರ್ಧ ಗಂಟೆಯಲ್ಲಿ ಹೋಗಲೇಬೇಡಿ: ಆ ಹೊತ್ತಿಗೆ ಹೊಸದಾಗಿ ಏನನ್ನೂ ತಂದಿಡುವುದಿಲ್ಲ, ಆದರೆ ಬಿಲ್ಲು ಮಾತ್ರ ಪೂರ್ತಿಯದೇ.

ಬರಿಗೈಯಲ್ಲಿ ಒಂದು ಸುತ್ತು

ಕುಳಿತುಕೊಳ್ಳಲು ಮೇಜು ತೋರಿಸಿದ ಮೇಲೆ ಬಡಿಸುವವರು ಬಂದು ಕುಡಿಯಲು ಏನು ಬೇಕೆಂದು ಕೇಳುತ್ತಾರೆ. ಮಾವಿನ ಲಸ್ಸಿಗೆ ಬಹುತೇಕ ಕಡೆ ಬೇರೆ ಹಣ. ಚಹಾ ಕೆಲವು ಕಡೆ ಬಫೆಯೊಳಗೇ ಸೇರಿರುತ್ತದೆ, ಕೇಳಿ ತಿಳಿದುಕೊಳ್ಳಿ. ನೀರನ್ನು ಲೋಟದ ಮುಕ್ಕಾಲು ಭಾಗ ಐಸಿನೊಂದಿಗೆ ತಂದಿಡುವುದು ಅಲ್ಲಿನ ರೂಢಿಯಾದ್ದರಿಂದ ಬೇಡವಾದವರು ಮೊದಲೇ ಹೇಳಬೇಕು. ಇದೇ ಹೊತ್ತಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯೆಂದರೆ ನಾನ್ ಮೇಜಿಗೇ ಬರುತ್ತದೆಯೇ ಎಂಬುದು. ಅನೇಕ ಹೋಟೆಲುಗಳು ಬುಟ್ಟಿಯಲ್ಲಿ ಬಿಸಿ ನಾನ್ ತಂದುಕೊಡುತ್ತವೆ. ಬಫೆಯ ಮೇಜಿನ ಮೇಲೆ ಇಟ್ಟಿರುವ ಕಡೆಗಳಲ್ಲಿಯೂ ವಿನಯದಿಂದ ಕೇಳಿದರೆ ಒಂದು ಹೊಸದನ್ನು ತಂದುಕೊಡುವವರೇ ಹೆಚ್ಚು.

ಈಗ ಎದ್ದು, ತಟ್ಟೆ ಹಿಡಿಯದೆ, ಬಫೆಯ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿಕೊಂಡು ಬನ್ನಿ. ಸಂಕೋಚ ಬೇಡ, ಯಾರೂ ತಪ್ಪು ತಿಳಿಯುವುದಿಲ್ಲ. ಸಾಲಿನ ಜೋಡಣೆಯಲ್ಲಿ ವ್ಯಾಪಾರದ ಲೆಕ್ಕಾಚಾರವಿದೆ: ಅಗ್ಗವಾದ, ಹೊಟ್ಟೆ ತುಂಬಿಸುವ ಅನ್ನ, ನಾನ್, ಪಕೋಡಗಳು ಮೊದಲು, ಕಾಳು ತರಕಾರಿಗಳು ನಡುವೆ, ಮಾಂಸದ ಪದಾರ್ಥಗಳು ಕೊನೆಗೆ. ತಟ್ಟೆಯೊಂದಿಗೆ ನೇರ ಸಾಲಿಗೆ ನಿಂತವರ ತಟ್ಟೆ ಅರ್ಧದಾರಿಯಲ್ಲೇ ತುಂಬಿಹೋಗುವುದು ಇದರಿಂದಲೇ.

ಪ್ರತಿ ಮುಚ್ಚಳವನ್ನು ಎತ್ತಿ ನೋಡುವಾಗ ಗಮನಿಸಬೇಕಾದ ಗುರುತುಗಳಿವೆ. ಮುಚ್ಚಳ ಎತ್ತಿದೊಡನೆ ಹಬೆ ಮುಖಕ್ಕೆ ಬಡಿಯಬೇಕು. ದಾಲ್ ಮೇಲೆ ಕೆನೆಯಂಥ ಪದರ ಕಟ್ಟಿದ್ದರೆ, ಗ್ರೇವಿಯ ಅಂಚು ತಟ್ಟೆಗೆ ಅಂಟಿ ಕಪ್ಪಾಗಿ ಒಣಗಿದ್ದರೆ, ಎಣ್ಣೆ ಬೇರೆಯಾಗಿ ಮೂಲೆಯಲ್ಲಿ ನಿಂತಿದ್ದರೆ, ಅದು ಬಹಳ ಹೊತ್ತಿನಿಂದ ಅಲ್ಲೇ ಇದೆ. ಕಂಠಪೂರ್ತಿ ತುಂಬಿದ ಆಳವಾದ ಪಾತ್ರೆಯನ್ನು ಕಂಡು ಸಂತೋಷಪಡಬೇಡಿ; ಸ್ವಲ್ಪ ಸ್ವಲ್ಪವೇ ತಂದು ಪದೇ ಪದೇ ಬದಲಿಸುವ ಹೋಟೆಲೇ ಒಳ್ಳೆಯದು. ಪಾತ್ರೆಯ ಕೆಳಗೆ ಉರಿಯುವ ಪುಟ್ಟ ಡಬ್ಬಿಯ ಜ್ವಾಲೆ ಆರಿದೆಯೇ ಎಂದು ಬಗ್ಗಿ ನೋಡುವುದರಲ್ಲಿಯೂ ತಪ್ಪಿಲ್ಲ. ಅಮೆರಿಕದಲ್ಲಿ ಆಹಾರ, ಔಷಧಗಳ ಮೇಲೆ ನಿಗಾ ಇಡುವ ಎಫ್‌ಡಿಎ ಸಂಸ್ಥೆಯ ಫುಡ್ ಕೋಡ್ ಎಂಬ ಮಾದರಿ ನಿಯಮಾವಳಿಯ ಪ್ರಕಾರ ಬಿಸಿ ಪದಾರ್ಥಗಳು 135 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗಬಾರದು. ರಾಯ್ತ, ಸಲಾಡುಗಳಂಥ ತಣ್ಣನೆಯವು 41 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು. ಥರ್ಮಾಮೀಟರ್ ಹಿಡಿದು ಊಟಕ್ಕೆ ಹೋಗುವವರಿಲ್ಲ, ಆದರೆ ಬಾಯಿಗಿಟ್ಟಾಗ ಬಿಸಿಯೆನ್ನಿಸದ ಕೋಳಿಯನ್ನು ಬಿಟ್ಟುಬಿಡಲು ಅದು ಬೇಕಾಗಿಯೂ ಇಲ್ಲ. ಉಗುರುಬೆಚ್ಚಗಿನ ಅನ್ನದ ಬಗೆಗೆ ನಮ್ಮವರು ತಲೆಕೆಡಿಸಿಕೊಳ್ಳುವುದು ಕಡಿಮೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ, ಅನ್ನ ಬೆಚ್ಚಗಿದ್ದಷ್ಟು ಹೊತ್ತು ಬೆಳೆಯುತ್ತವೆ, ಅವು ಬಿಡುವ ವಾಂತಿಕಾರಕ ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಹಬೆಯಾಡದ ಅನ್ನವನ್ನು ಮುಟ್ಟದಿರುವುದೇ ಸರಿ.

ಕಾಯುವಿಕೆಗೆ ಗೆಲ್ಲುವವು, ಸೋಲುವವು

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

ಕಾಳುಗಳು ಬಫೆಗೆಂದೇ ಹುಟ್ಟಿದವು. ದಾಲ್ ಮಖನಿಯನ್ನು ಸಿಪ್ಪೆಸಹಿತವಾದ ಇಡಿಯ ಉದ್ದಿನಕಾಳು ಮತ್ತು ರಾಜ್ಮಾ ಬೇಯಿಸಿ, ಟೊಮೆಟೊ, ಬೆಣ್ಣೆ, ಕೆನೆ ಸೇರಿಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ ಮಾಡುವುದರಿಂದ ಇನ್ನೆರಡು ಗಂಟೆ ಬಿಸಿಯಲ್ಲಿ ಕುಳಿತರೆ ಅದಕ್ಕೆ ನಷ್ಟವೇನಿಲ್ಲ, ಲಾಭವೇ ಹೆಚ್ಚು. ಕಾಬೂಲ್ ಕಡಲೆಯ ಚನಾ ಮಸಾಲಾ ಕೂಡ ಹಾಗೆಯೇ: ಕಾಳು ಒಡೆಯದೆ ನಿಂತು ಮಸಾಲೆ ಒಳಗೆ ಇಳಿಯುತ್ತದೆ. ಮಾಂಸಾಹಾರಿಗಳು ಆಡಿನ ಅಥವಾ ಕುರಿಯ ಮಾಂಸದ ಗ್ರೇವಿಯನ್ನು ಇದೇ ಗುಂಪಿಗೆ ಸೇರಿಸಿಕೊಳ್ಳಬಹುದು. ಮೂಳೆಯ ಸುತ್ತಲಿನ ಗಟ್ಟಿ ಭಾಗ ನಿಧಾನದ ಬಿಸಿಗೆ ಮೃದುವಾಗುತ್ತದೆ. ಚಿಕನ್ ಟಿಕ್ಕಾ ಮಸಾಲಾ, ಬಟರ್ ಚಿಕನ್‌ಗಳು ಗ್ರೇವಿಯೊಳಗೆ ಮುಳುಗಿರುವುದರಿಂದ ಸಾಕಷ್ಟು ತಡೆದುಕೊಳ್ಳುತ್ತವೆ, ಅದರಲ್ಲಿಯೂ ತೊಡೆಯ ಮಾಂಸವಾದರೆ ಇನ್ನೂ ಚೆನ್ನ. ಅಮೆರಿಕದ ಬಾಯಿಗೆಂದು ಅವನ್ನು ತುಸು ಸಿಹಿಯಾಗಿಯೇ ಮಾಡುತ್ತಾರೆ. ಖಾರ ಬೇಕಾದವರು ಹಸಿಮೆಣಸಿನಕಾಯಿ, ಈರುಳ್ಳಿ, ನಿಂಬೆಹೋಳು ಕೇಳಿ ತರಿಸಿಕೊಳ್ಳಬಹುದು.

ಸೋಲುವವುಗಳಲ್ಲಿ ಮೊದಲನೆಯದು ನಾನ್. ತಂದೂರಿನಿಂದ ತೆಗೆದ ಕ್ಷಣದಲ್ಲಿ ಅದರ ಮೇಲ್ಮೈ ಗರಿಯಾಗಿ, ಗುಳ್ಳೆ ಎದ್ದಲ್ಲಿ ಸುಟ್ಟ ಕಲೆಯಿದ್ದು, ಹರಿದರೆ ಒಳಗೆ ಎಳೆಎಳೆಯಾಗಿ ಮೃದುವಾಗಿರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಹಾಕಿದ ಹತ್ತು ನಿಮಿಷಕ್ಕೆ ತನ್ನದೇ ಹಬೆಗೆ ಬೆವರಿ ಮೆತ್ತಗಾಗುತ್ತದೆ, ಆಮೇಲೆ ಆರಿ ರಬ್ಬರಿನಂತೆ ಎಳೆಯುತ್ತದೆ. ತ್ರಿಕೋನಾಕಾರದಲ್ಲಿ ಕತ್ತರಿಸಿ ಒಟ್ಟಿದ ನಾನಿನ ರಾಶಿಯಲ್ಲಿ ಮೇಲಿನದು ಒಣಗಿ, ತಳದ್ದು ಒದ್ದೆಯಾಗಿರುವುದರಿಂದ, ತೆಗೆದುಕೊಳ್ಳಲೇಬೇಕಾದರೆ ನಡುವಿನದನ್ನು ಇಕ್ಕಳದಿಂದ ತೆಗೆದುಕೊಳ್ಳಿ. ಪಕೋಡದ ಪಾಡೂ ಇದೇ. ಹಬೆಯ ಮೇಲಿಟ್ಟ ಈರುಳ್ಳಿ ಪಕೋಡ ಅಷ್ಟರಲ್ಲೇ ತನ್ನ ಗರಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಅಡುಗೆಮನೆಯಿಂದ ಹೊಸ ತಟ್ಟೆ ಬರುವುದನ್ನು ಕಂಡಾಗ ಮಾತ್ರ ಎದ್ದು ಹೋಗಬೇಕಾದ ಪದಾರ್ಥಗಳಿವು.

ತಂದೂರಿ ಚಿಕನ್ ವಿಷಯದಲ್ಲಿ ಮೋಸಹೋಗುವವರು ಬಹಳ. ಕೆಂಪು ಬಣ್ಣ, ಕೆಳಗೆ ಹಾಸಿದ ಈರುಳ್ಳಿ, ಮೇಲೊಂದು ನಿಂಬೆಹೋಳು ಇವೆಲ್ಲ ಕಣ್ಣಿಗೆ ಹಬ್ಬವಾದರೂ, ಗ್ರೇವಿಯ ಆಸರೆಯಿಲ್ಲದ ಆ ಮಾಂಸ ಬಿಸಿತಟ್ಟೆಯ ಮೇಲೆ ಬೇಗ ಒಣಗುತ್ತದೆ. ಎದೆಯ ತುಂಡು ಮೊದಲು ಹುಡಿಹುಡಿಯಾಗುತ್ತದೆ, ಕಾಲಿನ ತುಂಡು ಸ್ವಲ್ಪ ತಾಳಿಕೊಳ್ಳುತ್ತದೆ. ಆಯ್ಕೆಯಿದ್ದಾಗ ಕಾಲನ್ನೇ ಆರಿಸಿ.

ಸೊಪ್ಪು ತರಕಾರಿಗಳಲ್ಲಿ ಬಣ್ಣವೇ ಗಡಿಯಾರ. ಸಾಗ್ ಪನೀರ್ ಎಂದು ಅಲ್ಲಿ ಕರೆಯುವುದು ಬಹುತೇಕ ಪಾಲಕ್ ಸೊಪ್ಪಿನದು. ಹೊಸದಾಗಿದ್ದಾಗ ಹಸಿರಾಗಿರುವ ಅದು ಬಿಸಿಯಲ್ಲಿ ಕೂತಷ್ಟೂ ಪತ್ರಹರಿತ್ತು ಕಳೆದುಕೊಂಡು ಮಾಸಲು ಹಸಿರಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಹಾಗೆಂದು ಕಂದಿದ ಸಾಗ್ ಕೆಟ್ಟದ್ದೇನಲ್ಲ. ನಿಧಾನವಾಗಿ ಬೆಂದ ಸಾಗ್ ಆ ಬಣ್ಣದಲ್ಲಿಯೇ ರುಚಿ ಎನ್ನುವವರೂ ಇದ್ದಾರೆ, ನನ್ನ ಮತವೂ ಅದೇ. ಆಲೂ ಗೋಬಿಯಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು: ಸೌಟು ಹಾಕಿದಾಗ ಹೂಕೋಸಿನ ತುಂಡು ತುಂಡಾಗಿಯೇ ಎದ್ದರೆ ಹಾಕಿಕೊಳ್ಳಿ, ಆಲೂಗಡ್ಡೆಯೊಂದಿಗೆ ಕಲೆತು ಮುದ್ದೆಯಾಗಿದ್ದರೆ ಮುಂದೆ ನಡೆಯಿರಿ. ದಕ್ಷಿಣದ ಬಫೆಯಲ್ಲಿ ಮುಚ್ಚಿಟ್ಟ ಇಡ್ಲಿ ಸಾಕಷ್ಟು ಹೊತ್ತು ತಾಳುತ್ತದೆ, ಸಾಂಬಾರಿನಲ್ಲಿ ನೆನೆದ ವಡೆಗೆ ಕಾಯುವುದೇ ಕೆಲಸ, ಆದರೆ ಮೊದಲೇ ಹುಯ್ದು ಮಡಚಿಟ್ಟ ದೋಸೆಯನ್ನು ದೋಸೆ ತಿಂದು ಬೆಳೆದ ನಾವು ತಿನ್ನಲಾರೆವು. ದೋಸೆಯನ್ನು ಕಾವಲಿಯ ಮುಂದೆ ನಿಂತು ಹೇಳಿ ಹುಯ್ಯಿಸಿಕೊಳ್ಳಬೇಕು.

ಬಡಿಸಿಕೊಳ್ಳುವುದು

ಪಂಕ್ತಿಯ ಊಟದಲ್ಲಿ ಎಲೆಯ ಯಾವ ಮೂಲೆಗೆ ಏನು, ಯಾವುದಾದ ಮೇಲೆ ಯಾವುದು ಎಂಬುದನ್ನು ಬಡಿಸುವವರೇ ನೋಡಿಕೊಳ್ಳುತ್ತಾರೆ. ಬಫೆಯಲ್ಲಿ ಆ ಹೊಣೆ ನಿಮ್ಮದೇ. ಮೊದಲ ತಟ್ಟೆಗೆ, ನೋಡಿ ಮೆಚ್ಚಿದ ಪದಾರ್ಥಗಳಲ್ಲಿ ನಾಲ್ಕೋ ಐದನ್ನೋ ಒಂದೊಂದು ಚಮಚದಷ್ಟು ಮಾತ್ರ ಹಾಕಿಕೊಳ್ಳಿ, ಅನ್ನ ಬೇಡ. ಇದು ರುಚಿ ನೋಡುವ ತಟ್ಟೆ. ಯಾವುದು ಚೆನ್ನಾಗಿದೆಯೆಂದು ನಿರ್ಧಾರವಾದ ಮೇಲೆ ಎರಡನೆಯ ತಟ್ಟೆಗೆ ಅವುಗಳಲ್ಲಿ ಎರಡನ್ನು ಮಾತ್ರ, ಬಿಸಿ ನಾನ್ ಅಥವಾ ಅನ್ನದೊಂದಿಗೆ, ನಿಜವಾದ ಊಟದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಟಿಕ್ಕಾ ಮಸಾಲಾದ ಕೆಂಪು, ಕೂರ್ಮದ ಬಿಳಿ, ಸಾಗ್‌ನ ಹಸಿರು ಒಂದೇ ಚಪ್ಪಟೆ ತಟ್ಟೆಯಲ್ಲಿ ಹರಿದು ಕೂಡಿಕೊಂಡರೆ ಕೊನೆಗೆ ಉಳಿಯುವುದು ಯಾವ ಹೆಸರೂ ಇಲ್ಲದ ಒಂದೇ ರುಚಿ. ಈ ಮೂರಕ್ಕೂ ಅಡುಗೆಮನೆಯಲ್ಲಿ ಈರುಳ್ಳಿ ಮಸಾಲೆಯ ಒಂದೇ ತಳಹದಿ ಬಳಸುವ ಹೋಟೆಲುಗಳಿರುವುದರಿಂದ, ಅವುಗಳ ನಡುವೆ ಇರುವ ಅಲ್ಪ ವ್ಯತ್ಯಾಸವನ್ನಾದರೂ ಉಳಿಸಿಕೊಳ್ಳಬೇಕು. ಸಿಹಿ ಅಥವಾ ರಾಯ್ತಕ್ಕೆಂದು ಇಟ್ಟಿರುವ ಪುಟ್ಟ ಬಟ್ಟಲುಗಳನ್ನೇ ದಾಲ್‌ಗೂ ಬಳಸಿಕೊಂಡರೆ ಈ ತೊಂದರೆ ಅರ್ಧ ತಪ್ಪುತ್ತದೆ.

ಪ್ರತಿ ಸಲವೂ ಹೊಸ ತಟ್ಟೆ ತೆಗೆದುಕೊಳ್ಳಬೇಕು. ಉಂಡ ತಟ್ಟೆಯನ್ನು ಹಿಡಿದು ಮತ್ತೆ ಸಾಲಿಗೆ ಬರುವುದು ಫುಡ್ ಕೋಡ್ ಪ್ರಕಾರ ನಿಷಿದ್ಧ. ಎಂಜಲು ತಟ್ಟೆಗೆ ತಾಗಿದ ಸೌಟು ಮತ್ತೆ ಎಲ್ಲರ ಪಾತ್ರೆಗೆ ಹೋಗುತ್ತದೆ ಎಂಬುದೇ ಕಾರಣ. ಎಂಜಲು ಮುಸುರೆಯ ಕಟ್ಟುನಿಟ್ಟಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಬೇರೆ ತಟ್ಟೆ ಬಳಸಿದರೆ ತೊಳೆಯುವವರಿಗೆ ತೊಂದರೆಯೆಂದು ಹಳೆಯದನ್ನೇ ಹಿಡಿದು ಬರುವ ಹಿರಿಯರಿಗೆ ಮಾತ್ರ ತಿಳಿಹೇಳಬೇಕು. ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕಬಾರದು, ಸಾಲಿನಲ್ಲಿ ನಿಂತೇ ಪಕೋಡ ಬಾಯಿಗೆಸೆದುಕೊಳ್ಳಬಾರದು, ಗಾಜಿನ ತಡೆಯ ಕೆಳಗಿನಿಂದ ತಲೆ ತೂರಿಸಬಾರದು. ಆ ತಡೆಯೆತ್ತರಕ್ಕೆ ಸರಿಯಾಗಿ ಮೂಗು ಬರುವ ಮಕ್ಕಳಿಗೆ ದೊಡ್ಡವರೇ ಬಡಿಸಿಕೊಡುವುದು ಕ್ಷೇಮ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆಗಳು

ಊರಿನಿಂದ ಬಂದ ತಂದೆತಾಯಿಯರನ್ನು ಕರೆದೊಯ್ಯುವಾಗ ಈ ಭಾಗಕ್ಕೆ ಮಹತ್ವ ಹೆಚ್ಚು. ಕೋಳಿಯ ಪಾತ್ರೆಯ ಪಕ್ಕದಲ್ಲೇ ಪನೀರಿನ ಪಾತ್ರೆಯಿರುತ್ತದೆ, ಹಿಂದಿನವರು ಸೌಟನ್ನು ಅದಲುಬದಲು ಮಾಡಿರಬಹುದು. ಜನ ಕಡಿಮೆಯಿರುವಾಗ ಮೊದಲೇ ಹೋಗಿ ಬಡಿಸಿಕೊಳ್ಳುವುದು, ಸಸ್ಯಾಹಾರದ ಸಾಲು ಪ್ರತ್ಯೇಕವಾಗಿರುವ ಹೋಟೆಲನ್ನು ಆರಿಸುವುದು, ಇಲ್ಲವೇ ಶುದ್ಧ ಸಸ್ಯಾಹಾರಿ ಹೋಟೆಲಿಗೇ ಹೋಗುವುದು ಇದಕ್ಕೆ ಪರಿಹಾರ. ಕೆಲವು ಹೋಟೆಲುಗಳು ನಾನಿನ ಹಿಟ್ಟಿಗೆ ಮೊಟ್ಟೆ ಹಾಕುತ್ತವೆ. ಪಕೋಡ ಕರಿಯುವ ಎಣ್ಣೆಯಲ್ಲಿಯೇ ಕೋಳಿಯನ್ನೂ ಕರಿದಿರಬಹುದು. ಸೂಪಿಗೆ ಕೋಳಿಯ ಸ್ಟಾಕ್ ಬಳಸಿರಬಹುದು. ಮಾವಿನ ಕಸ್ಟರ್ಡ್, ಜೆಲ್ಲಿಗಳಂಥ ಸಿಹಿಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುವ ಸಾಧ್ಯತೆಯಿದೆ. ಇವು ನಾಲ್ಕನ್ನೂ ಬಡಿಸುವವರಲ್ಲಿ ನೇರವಾಗಿ ಕೇಳಬಹುದು. ಅವರಿಗೆ ತಿಳಿಯದಿದ್ದರೆ ಒಳಗೆ ಕೇಳಿಕೊಂಡು ಬಂದು ಹೇಳುತ್ತಾರೆ. ಪನೀರಿನ ಬಗೆಗೆ ಆತಂಕ ಬೇಡ: ಚೀಸ್‌ಗೆ ಹಾಲು ಒಡೆಸಲು ಬಳಸುವ, ಕರುವಿನ ಜಠರದಿಂದಲೂ ತೆಗೆಯುವ ರೆನೆಟ್ ಇದಕ್ಕೆ ಬೇಕಾಗಿಲ್ಲ, ಹಾಲನ್ನು ನಿಂಬೆರಸದಿಂದಲೋ ವಿನೆಗರಿನಿಂದಲೋ ಒಡೆಸಿ ಮಾಡುತ್ತಾರೆ.

ಅಮೆರಿಕದ ಸಹೋದ್ಯೋಗಿಗಳು ನಿಮ್ಮೊಂದಿಗೆ ಬಂದಾಗ ಇದೇ ಪ್ರಶ್ನೆಗಳು ಇನ್ನೊಂದು ರೂಪದಲ್ಲಿ ಬರುತ್ತವೆ, ಅವರು ಉತ್ತರಕ್ಕಾಗಿ ನೋಡುವುದು ನಿಮ್ಮ ಮುಖವನ್ನೇ. ಹಾಲಿನ ಪದಾರ್ಥ ತಿನ್ನದ ವೀಗನ್ನರಿಗೆ ದಾಲ್ ಮಖನಿ, ಕೂರ್ಮ, ನಾನ್ ಮೂರೂ ಸಲ್ಲವು. ಚನಾ ಮಸಾಲಾ, ಆಲೂ ಗೋಬಿಗಳಿಗೂ ತುಪ್ಪ ಬಿದ್ದಿದೆಯೇ ಎಂದು ಕೇಳಬೇಕು. ಕೂರ್ಮದ ಬಿಳಿಯ ಗ್ರೇವಿಯಲ್ಲಿ ಸಾಮಾನ್ಯವಾಗಿ ಗೋಡಂಬಿ ಇರುತ್ತದೆ, ಗೋಡಂಬಿಯ ಅಲರ್ಜಿಯುಳ್ಳವರಿಗೆ ಅದು ಅಪಾಯಕಾರಿ. ಗೋಧಿಯ ಗ್ಲೂಟನ್ ಆಗದವರು ಕಡಲೆಹಿಟ್ಟಿನ ಪಕೋಡವನ್ನು ಧೈರ್ಯವಾಗಿ ತಿನ್ನುತ್ತಾರೆ. ಆದರೆ ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಆ ಇಂಗು ದಾಲ್ ಮತ್ತು ಸಾಂಬಾರಿನ ಒಗ್ಗರಣೆಗೂ ಹೋಗಿರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಖಚಿತವಾಗಿ ತಿಳಿಯದಿದ್ದಾಗ 'ಏನೂ ಆಗುವುದಿಲ್ಲ, ತಿನ್ನಿ' ಎಂದು ಉಪಚಾರ ಮಾಡಬೇಡಿ.

ಸಕ್ಕರೆ ಕಾಯಿಲೆಯಿರುವ ಹಿರಿಯರಿಗೆ ಸೌತೆಕಾಯಿ ಈರುಳ್ಳಿಯ ಸಲಾಡ್, ಕಾಳು, ಪನೀರ್ ಅಥವಾ ಕೋಳಿಯಿಂದ ಊಟ ಆರಂಭಿಸಿ, ಅನ್ನ ಮತ್ತು ನಾನ್‌ಗಳಲ್ಲಿ ಒಂದನ್ನು ಮಾತ್ರ ಕೊನೆಗೆ ತೆಗೆದುಕೊಳ್ಳುವ ಕ್ರಮ ಒಳ್ಳೆಯದು. ಸಿಹಿಯ ಮೇಜನ್ನು ಅವರಿಂದ ದೂರವಿಡುವುದು ಮಕ್ಕಳ ಕೈಲಿ ಆಗದ ಕೆಲಸವಾದ್ದರಿಂದ ಒಂದು ಜಾಮೂನನ್ನು ಇಬ್ಬರು ಹಂಚಿಕೊಳ್ಳುವ ಒಪ್ಪಂದಕ್ಕಾದರೂ ಬರಬೇಕು.

ಸಿಹಿ, ಬಿಲ್ಲು, ಟಿಪ್ಸ್

ಸಿಹಿಗಳಲ್ಲಿ ಗುಲಾಬ್ ಜಾಮೂನು ಬಿಸಿಯಾಗಿದ್ದರೆ ಮಾತ್ರ ತಿನ್ನಿ. ಖೀರು ತಣ್ಣಗಿದ್ದರೂ ಚೆನ್ನ. ಉಳಿದವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ಫಲಕದ ಮೇಲೆ ಬರೆದ ದರವೇ ಬಿಲ್ಲಿನ ಮೊತ್ತವಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಅದಕ್ಕೆ ಮಾರಾಟ ತೆರಿಗೆ ಸೇರುತ್ತದೆ. ಬಡಿಸಿಕೊಂಡದ್ದು ನಾವೇ, ಟಿಪ್ಸ್ ಏಕೆ ಎಂಬ ಪ್ರಶ್ನೆಯನ್ನು ಊರಿನಿಂದ ಬಂದ ಹಿರಿಯರು ಕೇಳಿಯೇ ಕೇಳುತ್ತಾರೆ. ನೀರು ತುಂಬಿಸಿದವರು, ನಾನ್ ತಂದುಕೊಟ್ಟವರು, ನೀವು ಬಿಟ್ಟ ತಟ್ಟೆಗಳನ್ನೆಲ್ಲ ಎತ್ತಿದವರು ಇದ್ದಾರೆ, ಅಮೆರಿಕದಲ್ಲಿ ಅವರ ಸಂಪಾದನೆಯ ದೊಡ್ಡ ಪಾಲು ಟಿಪ್ಸಿನಿಂದಲೇ ಬರುತ್ತದೆ. ಮೇಜಿಗೆ ಬಂದು ಪೂರ್ತಿ ಬಡಿಸುವ ಊಟಕ್ಕೆ ನೂರಕ್ಕೆ 15ರಿಂದ 20ರಷ್ಟು ಕೊಡುವ ರೂಢಿಯಿದ್ದರೆ ಬಫೆಗೆ 10ರಿಂದ 15ರಷ್ಟು ಕೊಟ್ಟರೆ ಸಲ್ಲುತ್ತದೆ. ಜನ ಹೆಚ್ಚಿರುವ ಗುಂಪಿಗೆ ಕೆಲವು ಹೋಟೆಲುಗಳು ಅದನ್ನು ಬಿಲ್ಲಿನಲ್ಲೇ ಸೇರಿಸಿಬಿಡುವುದರಿಂದ ಸಹಿ ಹಾಕುವ ಮುನ್ನ ಬಿಲ್ಲನ್ನು ಓದಿ ನೋಡಿ. ಎರಡು ಸಲ ಕೊಡುವ ಅಗತ್ಯವಿಲ್ಲ. ತಲೆಗೊಂದು ದರವಿರುವುದರಿಂದ ಇಬ್ಬರು ಒಂದೇ ಬಫೆ ಹಂಚಿಕೊಳ್ಳುವಂತಿಲ್ಲ, ಮೆನುವಿನಿಂದ ತರಿಸಿಕೊಂಡವರಿಗೆ ಬಫೆಯ ತಟ್ಟೆಯಿಂದ ಬಡಿಸುವಂತೆಯೂ ಇಲ್ಲ. ತಟ್ಟೆಯಲ್ಲಿ ರಾಶಿ ಬಿಟ್ಟು ಏಳುವವರಿಗೆ ಹೆಚ್ಚಿನ ಹಣ ಹಾಕುತ್ತೇವೆಂದು ಬರೆದು ಅಂಟಿಸಿದ ಹೋಟೆಲುಗಳೂ ಇವೆ. ಆ ಬರಹಕ್ಕೆ ನಮ್ಮವರೇ ಕಾರಣವೆಂದು ಊಹಿಸಿದರೆ ತಪ್ಪಾಗಲಾರದು.

ಚಳಿಗಾಲದಲ್ಲಿ ದಪ್ಪ ಕೋಟನ್ನು ಕಾರಿನಲ್ಲೇ ಬಿಟ್ಟು ಒಳಗೆ ಹೋಗಿ. ಒಗ್ಗರಣೆಯ ವಾಸನೆ ಉಣ್ಣೆಯ ಬಟ್ಟೆಯನ್ನು ಹಿಡಿದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ನೀವು ಎಲ್ಲಿ ಊಟ ಮಾಡಿ ಬಂದಿರಿ ಎಂಬುದನ್ನು ಯಾರಿಗೂ ಹೇಳಬೇಕಾಗುವುದಿಲ್ಲ.

ಉಳಿದದ್ದನ್ನು ಕಟ್ಟಿಸಿಕೊಂಡು ಹೋಗಲು ಬಫೆಯಲ್ಲಿ ಅವಕಾಶವಿಲ್ಲ. ಮನೆಗೂ ಬೇಕೆಂದರೆ ಹಲವು ಹೋಟೆಲುಗಳು ಒಂದು ಡಬ್ಬಿಗೆ ಇಷ್ಟು ಅಥವಾ ತೂಕಕ್ಕೆ ಇಷ್ಟು ಎಂಬ ಬೇರೆ ದರದಲ್ಲಿ ಬಫೆಯ ಅಡುಗೆಯನ್ನು ಕೊಡುತ್ತವೆ. ಹಾಗೆ ತೆಗೆದುಕೊಳ್ಳುವಾಗ ಕಾಳಿನ ಪದಾರ್ಥಗಳನ್ನೂ ಮಾಂಸದ ಗ್ರೇವಿಯನ್ನೂ ತುಂಬಿಸಿಕೊಳ್ಳಿ. ಅನ್ನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಪಕೋಡವನ್ನು ಬಿಟ್ಟುಬಿಡಿ. ಈ ಅಡುಗೆ ಆಗಲೇ ಸಾಕಷ್ಟು ಹೊತ್ತು ಹೊರಗಿದ್ದದ್ದು ಎಂಬುದನ್ನು ಮರೆಯದೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು, ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32 ಡಿಗ್ರಿ ಸೆಲ್ಸಿಯಸ್ ಮೀರಿದ ಬೇಸಿಗೆಯಾದರೆ ಒಂದೇ ಗಂಟೆಯೊಳಗೆ. ಡಬ್ಬಿಯನ್ನು ಕಾರಿನಲ್ಲಿಟ್ಟು ಅಂಗಡಿ ಸುತ್ತಲು ಹೋಗುವವರು ಕ್ರಮ ಬದಲಿಸಿ, ಅಂಗಡಿಯ ಕೆಲಸ ಮೊದಲು ಮುಗಿಸಿ ಊಟಕ್ಕೆ ಹೋಗಲಿ. ರಾತ್ರಿ ತಿನ್ನುವಾಗ ಗ್ರೇವಿಯನ್ನು ಮೈಕ್ರೋವೇವಿನಲ್ಲಿ ಬೆಚ್ಚಗೆ ಮಾಡಿದರೆ ಸಾಲದು, ನಡುವೆ ಒಮ್ಮೆ ತಿರುವಿ, 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ, ಎಲ್ಲ ಕಡೆ ಹಬೆಯಾಡುವವರೆಗೆ ಕಾಯಿಸಬೇಕು.